ಬಿಡಲೊಲ್ಲದ ಲೇತ್

ಮರ ಕಡೆಯುವ ಸಣ್ಣ ಲೇತಿಗೆ ಯಾವುದೇ ಉಪಕರಣವನ್ನು ಕೂಡಿಸುವುದು ಅರ್ಧ ನಿಮಿಷದ ಕೆಲಸ. ಅದನ್ನು ಮರಳಿ ಕಳಚಲು ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಯಂತ್ರದ ಕೈಪಿಡಿ ಹೇಳುವುದಿಲ್ಲ. ಹೇಳಿದರೆ ಯಂತ್ರ ಮಾರಾಟವಾಗುವುದಿಲ್ಲ ಎಂಬುದು ನನ್ನ ಗುಮಾನಿ.

ನನ್ನ ಲೇತಿನಲ್ಲಿ ಮೊದಲು ಹಟ ಹಿಡಿದದ್ದು ಹೆಡ್‌ಸ್ಟಾಕಿನ, ಅಂದರೆ ಮರವನ್ನು ತಿರುಗಿಸುವ ಎಡಬದಿಯ ಭಾಗದ, ಡ್ರೈವ್ ಸೆಂಟರ್. ಮರದ ತುದಿಗೆ ತನ್ನ ನಾಲ್ಕು ಹಲ್ಲುಗಳನ್ನು ಊರಿ ಅದನ್ನು ತಿರುಗಿಸುವ ಈ ಪುಟ್ಟ ಉಕ್ಕಿನ ತುಂಡಿಗೆ ಬೋಲ್ಟು, ನಟ್ಟು, ತಿರುಪು ಎಂಬ ಯಾವ ಆಧಾರವೂ ಇಲ್ಲ. ಅದರ ಬಾಲ ತುದಿಯತ್ತ ತುಸುವೇ ಸಣ್ಣಗಾಗುತ್ತ ಹೋಗುತ್ತದೆ, ಅದು ಕೂರುವ ಸ್ಪಿಂಡಲ್ಲಿನ, ಅಂದರೆ ತಿರುಗುವ ಅಚ್ಚಿನ, ರಂಧ್ರವೂ ಅದೇ ಓರೆಯಲ್ಲಿ ಒಳಗೆ ಕಿರಿದಾಗುತ್ತದೆ. ಅಮೆರಿಕದ ಸ್ಟೀಫನ್ ಮೋರ್ಸ್ ಎಂಬವರು 1860ರ ದಶಕದಲ್ಲಿ ರೂಪಿಸಿದ ಈ ಓರೆ ಸುಮಾರು 20 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರಿನಷ್ಟು ಮಾತ್ರ. ಒಟ್ಟು ಕೋನ 3 ಡಿಗ್ರಿಗಿಂತಲೂ ತುಸು ಕಡಿಮೆ. ಇಷ್ಟು ಸಣ್ಣ ಓರೆಯಲ್ಲಿ ಎರಡು ಉಕ್ಕಿನ ಮೈಗಳು ಒತ್ತಿಕೊಂಡರೆ ಘರ್ಷಣೆಯೊಂದೇ ಅವುಗಳನ್ನು ಹಿಡಿದಿಡುತ್ತದೆ, ಮತ್ತು ಮರದ ಇನ್ನೊಂದು ತುದಿಯನ್ನು ಹಿಡಿಯುವ ಟೇಲ್‌ಸ್ಟಾಕಿನಿಂದ ಮರವನ್ನು ಒತ್ತಿದಷ್ಟೂ ಆ ಹಿಡಿತ ಬಿಗಿಯಾಗುತ್ತದೆ. ಅಂದರೆ ಸಿಕ್ಕಿಕೊಳ್ಳುವುದು ಅದರ ಕೆಟ್ಟ ಗುಣವಲ್ಲ, ಅದನ್ನು ಮಾಡಿರುವುದೇ ಸಿಕ್ಕಿಕೊಳ್ಳಲಿ ಎಂದು. ಕೆಲಸ ಮುಗಿದ ಮೇಲೆ ಬಿಡಬೇಕೆಂಬ ತಿಳಿವಳಿಕೆಯನ್ನು ಮಾತ್ರ ಯಾರೂ ಅದಕ್ಕೆ ಕೊಟ್ಟಿಲ್ಲ.

ಆ ದಿನಗಳಲ್ಲಿ ನನ್ನ ಹೆಂಡತಿಯ ತಮ್ಮ ರಜೆಗೆಂದು ನಮ್ಮ ಮನೆಯಲ್ಲಿದ್ದ. ಯಾವ ಯಂತ್ರ ಕೆಟ್ಟರೂ ಅದರ ಮೂಲಕಾರಣ ಸಾಕಷ್ಟು ಬಲ ಹಾಕದಿರುವುದೇ ಎಂಬ ದೃಢ ನಂಬಿಕೆಯ ಹುಡುಗ.

“ಭಾವ, ಸ್ವಲ್ಪ ಸರೀರಿ” ಎಂದು ಇಕ್ಕಳದಿಂದ ಸೆಂಟರಿನ ಮೂತಿಯನ್ನು ಹಿಡಿದು, ಲೇತಿನ ‘ಹಾಸಿಗೆ’ ಎಂಬ ತಳಪಟ್ಟಿಗೆ ಒಂದು ಕಾಲು ಕೊಟ್ಟು ಎಳೆಯತೊಡಗಿದ. ಸೆಂಟರ್ ಜಪ್ಪಯ್ಯ ಅನ್ನಲಿಲ್ಲ. ಲೇತ್ ಮಾತ್ರ ಮೇಜಿನ ಸಮೇತ ಅವನ ಕಡೆಗೆ ಒಂದು ಗೇಣು ಬಂತು. ಅದನ್ನೇ ಅವನು ಪ್ರಗತಿಯೆಂದು ಪರಿಗಣಿಸಿ, “ಸುತ್ತಿಗೆ ಎಲ್ಲಿದೆ?” ಎಂದ. ಪಕ್ಕದಿಂದ ಹೊಡೆದರೆ ಪೆಟ್ಟು ಸೆಂಟರಿಗಿಂತ ಮೊದಲು ಸ್ಪಿಂಡಲ್ಲಿನ ಬೇರಿಂಗಿಗೆ ತಾಕುತ್ತದೆಂದೂ, ಬೇರಿಂಗಿನ ಗುಂಡುಗಳು ಓಡುವ ಹಾದಿಯಲ್ಲಿ ಒಮ್ಮೆ ತಗ್ಗು ಬಿದ್ದರೆ ಯಂತ್ರ ಆಜೀವ ಪರ್ಯಂತ ಗೊರಗೊರ ಎನ್ನುತ್ತಿರುತ್ತದೆಂದೂ ವಿವರಿಸುವಷ್ಟರಲ್ಲಿ ಅವನು ಸುತ್ತಿಗೆಯನ್ನು ಹುಡುಕಿಯೂ ಆಗಿತ್ತು.

ಪರಿಹಾರವಿದ್ದದ್ದು ಯಂತ್ರ ಬಂದ ಪೆಟ್ಟಿಗೆಯ ತಳದಲ್ಲಿ. ಇಂಥ ಲೇತುಗಳ ಸ್ಪಿಂಡಲ್ ಸಾಮಾನ್ಯವಾಗಿ ಉದ್ದಕ್ಕೂ ಪೊಳ್ಳಾಗಿರುತ್ತದೆ. ಎಡತುದಿಯ ಕೈಚಕ್ರದ ನಡುವಿನ ತೂತಿನಿಂದ ಒಂದು ಸರಳನ್ನು ತೂರಿಸಿದರೆ ಅದು ನೇರವಾಗಿ ಸೆಂಟರಿನ ಬಾಲಕ್ಕೆ ಹೋಗಿ ಮುಟ್ಟುತ್ತದೆ. ಎಡಗೈಯಲ್ಲಿ ಸರಳನ್ನು ಹಿಡಿದು ಒಂದು ಗೇಣು ಹಿಂದಕ್ಕೆಳೆದು, ಬಲಗೈಯಲ್ಲಿ ಸೆಂಟರಿಗೆ ದಪ್ಪ ಬಟ್ಟೆ ಸುತ್ತಿ ಹಿಡಿದು, ಸರಳಿನಿಂದಲೇ ಒಂದು ಚುರುಕಾದ ಪೆಟ್ಟು ಕೊಟ್ಟೆ. ‘ಟಕ್’ ಎಂದಿತು, ಸೆಂಟರ್ ಬಟ್ಟೆಯೊಳಗೆ ಬಂದು ಬಿತ್ತು. ಬಟ್ಟೆಯಿಲ್ಲದಿದ್ದರೆ ಆ ಹಲ್ಲುಗಳು ಅಂಗೈಗೆ ಬೀಳುತ್ತವೆ, ಇಲ್ಲವೇ ಹಾಸಿಗೆಯ ಮೇಲೆ ಬಿದ್ದು ಮೊನೆ ಮುರಿದುಕೊಳ್ಳುತ್ತವೆ. ಓರೆಯ ಹಿಡಿತವನ್ನು ಬಿಡಿಸಲು ಬೇಕಾದದ್ದು ಹಿಂದಿನಿಂದ ಬೀಳುವ ಹಠಾತ್ ಪೆಟ್ಟು. ಎದುರಿನಿಂದ ಎಷ್ಟು ಜಗ್ಗಿದರೂ ಅದಕ್ಕೆ ಲೆಕ್ಕವಿಲ್ಲ. ಭಾವಮೈದುನ ಸರಳನ್ನು ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ಸುಲಭವಾಗಿ ಮುಗಿದದ್ದು ಅವನಿಗೆ ಹಿಡಿಸಲಿಲ್ಲ.

ಟೇಲ್‌ಸ್ಟಾಕಿನ ಸ್ವಭಾವ ಇದಕ್ಕಿಂತ ಮೃದು. ಅದರ ಕೈಚಕ್ರವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಒಳಗಿನ ಸ್ಕ್ರೂ ತಾನೇ ಸೆಂಟರನ್ನು ಹೊರದಬ್ಬುತ್ತದೆ. ಅಲ್ಲಿ ಕೂಡಿಸುವ, ಡ್ರಿಲ್ ಬಿಟ್ ಹಿಡಿಯುವ ಡ್ರಿಲ್ ಚಕ್ಕಿನ ಬಾಲ ಗಿಡ್ಡವಾಗಿದ್ದರೆ ಮಾತ್ರ ಸ್ಕ್ರೂ ಅದನ್ನು ಮುಟ್ಟುವುದಿಲ್ಲ. ಬಾಲದ ತುದಿಯಲ್ಲಿ ತ್ರೆಡ್ ಇರುವ ತೂತಿದ್ದರೆ ಅಲ್ಲಿಗೊಂದು ಬೋಲ್ಟ್ ತಿರುಗಿಸಿ ಬಾಲವನ್ನು ಉದ್ದ ಮಾಡಿಕೊಂಡರಾಯಿತು.

ನಿಜವಾದ ಗಜಪ್ರಸವವೆಂದರೆ ಸ್ಪಿಂಡಲ್ಲಿನ ತ್ರೆಡ್ಡಿಗೆ ಕೂತ, ದವಡೆಗಳಿಂದ ಮರವನ್ನು ಕಚ್ಚಿ ಹಿಡಿಯುವ ಚಕ್ಕಿನದು. ಲೇತ್ ತಿರುಗುವ ದಿಕ್ಕು, ತ್ರೆಡ್ಡಿನ ದಿಕ್ಕು ಎರಡೂ ಸೇರಿ ಮಾಡುವ ಸಂಚು ಇದು: ಉಳಿಯ ಮೊನೆ ಮರಕ್ಕೆ ಒತ್ತಿದಷ್ಟೂ ಚಕ್ ಬಿಗಿಯಾಗುತ್ತದೆ, ಉಳಿ ಒಮ್ಮೆ ಕಚ್ಚಿಕೊಂಡು ಮರ ಗಕ್ಕನೆ ನಿಂತಿತೆಂದರೆ ಇನ್ನಷ್ಟು ಬಿಗಿಯಾಗುತ್ತದೆ. ಒಂದು ದೊಡ್ಡ ಬೋಗುಣಿ ಕಡೆದು ಮುಗಿಸುವ ಹೊತ್ತಿಗೆ ಚಕ್ಕಿಗೂ ಸ್ಪಿಂಡಲ್ಲಿಗೂ ವಿವಾಹವೇ ಆಗಿಬಿಟ್ಟಿರುತ್ತದೆ, ಅದೂ ವಿಚ್ಛೇದನದ ಕಾನೂನಿಲ್ಲದ ಊರಿನಲ್ಲಿ.

ಬಿಡಿಸುವ ವಿಧಾನವೇನೋ ಸರಳ. ಸ್ಪಿಂಡಲ್ಲಿನ ಕುತ್ತಿಗೆಗೆ ಅದಕ್ಕೆಂದೇ ಇರುವ ಸ್ಪ್ಯಾನರ್ ಹಾಕಿ ಅಲ್ಲಾಡದಂತೆ ಹಿಡಿಯಬೇಕು, ಚಕ್ಕಿನ ದವಡೆಗಳಲ್ಲಿ ಒಂದು ಗಟ್ಟಿ ಮರದ ರೀಪನ್ನು ಅಡ್ಡಲಾಗಿ ಕಚ್ಚಿಸಬೇಕು, ಲೇತಿನ ಮುಂದೆ ನಿಂತು ರೀಪಿನ ಮೇಲ್ತುದಿಯನ್ನು ನಮ್ಮ ಕಡೆಗೆ ಬರುವಂತೆ ಕೊಡತಿಯಿಂದ ಒಮ್ಮೆ ಚುರುಕಾಗಿ ಹೊಡೆಯಬೇಕು. ಭಾವಮೈದುನ ಸ್ಪ್ಯಾನರಿನ ಬದಲು ಇಂಡೆಕ್ಸ್ ಪಿನ್ನನ್ನು ಸಿಕ್ಕಿಸಿದರೆ ಎರಡೂ ಕೈ ಬಿಡುವಾಗುತ್ತದಲ್ಲ ಎಂದ. ಆ ಪಿನ್ನು ಇರುವುದು ಮರದ ಮೇಲೆ ಗುರುತು ಹಾಕುವಾಗ ಸ್ಪಿಂಡಲ್ಲನ್ನು ಮೆಲ್ಲಗೆ ನಿಲ್ಲಿಸಲು. ಅದರ ಮೇಲೆ ಇಂಥ ಭಾರ ಬಿದ್ದರೆ ಪಿನ್ನು ಮುರಿಯುತ್ತದೆ, ಚಕ್ಕು ಅಲ್ಲೇ ಇರುತ್ತದೆ.

ಹೊಡೆದೆವು, ಬಿಡಲಿಲ್ಲ. ತ್ರೆಡ್ಡಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆವು, ಬಿಡಲಿಲ್ಲ. ಹೀಟ್ ಗನ್ನಿನಿಂದ ಚಕ್ಕಿನ ಹೊರಮೈಯನ್ನಷ್ಟೇ ಬಿಸಿ ಮಾಡಿದೆವು. ಹೊರಗಿನ ಉಕ್ಕು ಹಿಗ್ಗಿ ಒಳಗಿನದಕ್ಕೆ ತುಸು ಸಡಿಲ ಕೊಡಲಿ ಎಂಬುದು ಶಾಸ್ತ್ರ. ಚಕ್ಕು ಬಿಸಿಯಾಯಿತು, ಅಷ್ಟೆ. ಬೇರಿಂಗಿನ ಗ್ರೀಸ್ ಕರಗಿ ಹೊರಬರುವ ಮೊದಲು ನಾನು ಹೀಟ್ ಗನ್ ಆರಿಸಿದೆ.

ಆಗ ಫೋನಿನ ಟಾರ್ಚ್ ಹಿಡಿದು ಚಕ್ಕಿನ ಹಿಂಬದಿಯನ್ನು ಇಣುಕುತ್ತಿದ್ದ ಭಾವಮೈದುನ, “ಭಾವ, ಇಲ್ಲೊಂದು ತೂತಿದೆ, ಹೊಟ್ಟು ತುಂಬಿಕೊಂಡಿದೆ” ಎಂದ. ಸೂಜಿಯಿಂದ ಕೆದಕಿದಾಗ ಒಳಗೆ ಕಂಡದ್ದು ಕಡಲೆಕಾಳಿಗಿಂತ ಸಣ್ಣದಾದ, ತಲೆಯಿಲ್ಲದ ಗ್ರಬ್ ಸ್ಕ್ರೂ. ಲೇತನ್ನು ಹಿಮ್ಮುಖವಾಗಿ ಓಡಿಸಿದಾಗ ಚಕ್ ಬಿಚ್ಚಿಕೊಂಡು ಹಾರದಿರಲೆಂದು ಇದನ್ನು ಇಟ್ಟಿರುತ್ತಾರೆ. ಯಂತ್ರ ನನ್ನ ಕೈಗೆ ಬಂದದ್ದು ಚಕ್ಕಿನ ಸಮೇತ, ಎರಡನೆಯ ಕೈಯಾಗಿ; ಹಿಂದಿನ ಯಜಮಾನರು ಅದನ್ನು ಬಿಗಿದ ವಿಷಯ ಯಾರಿಗೂ ಹೇಳಿರಲಿಲ್ಲ. ಅಲೆನ್ ಕೀಯಿಂದ ಅದನ್ನು ಎರಡು ಸುತ್ತು ಸಡಿಲಿಸಿ ರೀಪಿಗೆ ಕೊಡತಿ ತಾಗಿಸಿದ್ದೇ ತಡ, ಚಕ್ಕು ಸದ್ದಿಲ್ಲದೆ ತಿರುಗಿಕೊಂಡು ಬಂತು. ಊಟದ ಹೊತ್ತಿಗೆ ಮನೆಯವರಿಗೆಲ್ಲ ಈ ಸಂಶೋಧನೆಯ ವರದಿ ತಲುಪಿತ್ತು. ಅದರಲ್ಲಿ ನನ್ನ ಪಾತ್ರ ಟಾರ್ಚ್ ಹಿಡಿದವನದು.

ಮತ್ತೆ ಹಾಗಾಗದಿರಲೆಂದು ನಾನು ಚಕ್ಕಿಗೂ ಸ್ಪಿಂಡಲ್ಲಿನ ಭುಜಕ್ಕೂ ನಡುವೆ ಒಂದು ತೆಳು ನೈಲಾನ್ ವಾಷರ್ ಹಾಕಿದೆ. ಅದು ಉಕ್ಕಿಗೆ ಉಕ್ಕು ಕಚ್ಚದಂತೆ ತಡೆಯುತ್ತದೆ. ಭಾವಮೈದುನನೂ ತನ್ನ ಪಾಲಿನ ಮುಂಜಾಗ್ರತೆಯಾಗಿ, ನನಗೆ ತಿಳಿಸದೆ, ಸೆಂಟರಿನ ಬಾಲಕ್ಕೂ ಸ್ಪಿಂಡಲ್ಲಿನ ರಂಧ್ರಕ್ಕೂ ಧಾರಾಳವಾಗಿ ಎಣ್ಣೆ ಸವರಿದ್ದ. ಮರುದಿನ ಮರ ಕೂಡಿಸಿ ಲೇತ್ ಚಾಲೂ ಮಾಡಿ ಉಳಿ ತಾಗಿಸಿದರೆ ಸ್ಪಿಂಡಲ್ ತಿರುಗುತ್ತಿದೆ, ಮರ ಸುಮ್ಮನೆ ನಿಂತಿದೆ. ಘರ್ಷಣೆಯನ್ನೇ ನಂಬಿದ ಓರೆಗೆ ಎಣ್ಣೆ ಹಚ್ಚಿದರೆ ಇನ್ನೇನಾದೀತು? ಕಡ್ಡಿಗೆ ಬಟ್ಟೆ ಸುತ್ತಿ ರಂಧ್ರವನ್ನು ಒಣಗುವವರೆಗೆ ಒರೆಸಿ, ಬಾಲವನ್ನೂ ಒರೆಸಿ ಮತ್ತೆ ಕೂಡಿಸಿದಾಗ ಸೆಂಟರ್ ಹಿಂದಿನಂತೆಯೇ ಭದ್ರವಾಗಿ ಕೂತಿತು. ಸಂಜೆ ಅದನ್ನು ಕಳಚಲು ಸರಳು ಹುಡುಕಿದರೆ ಎಲ್ಲಿಯೂ ಇಲ್ಲ; ಹಿತ್ತಿಲಲ್ಲಿ ಭಾವಮೈದುನ ಅದರಿಂದ ಪೇಂಟ್ ಕಲಕುತ್ತಿದ್ದ.