ಪಕ್ಕದಲ್ಲಿ ಕೂತು ಬೈಯೋರು ಇಲ್ಲದ ಆಟ

ಜಪಾನಿನ ಒಸಾಕಾದ ಕಾಂಜೋ ಲೈನ್ ರೈಲಿನಲ್ಲಿ ಬೆಳಗ್ಗೆ ಹೊತ್ತು ನನ್ನ ಎದುರಿಗೆ ಒಬ್ಬರು ಕೂರುತ್ತಾರೆ. ಐವತ್ತೈದು ದಾಟಿರಬೇಕು. ಕಪ್ಪು ಸೂಟು, ಗರಿಗರಿ ಬಿಳಿ ಅಂಗಿ, ಕಾಲ ಹತ್ತಿರ ಚರ್ಮದ ಬ್ಯಾಗು. ಕೂತ ತಕ್ಷಣ ಬ್ಯಾಗಿನಿಂದ ನಿಂಟೆಂಡೊ ಸ್ವಿಚ್ ಅನ್ನೋ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ತೆಗೆಯುತ್ತಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ತೆನ್ನೋಜಿ ಬರುವವರೆಗೆ ತಲೆ ಎತ್ತುವುದಿಲ್ಲ. ಅಕ್ಕಪಕ್ಕದವರು ಇಣುಕುವುದಿಲ್ಲ. ನಾನೊಬ್ಬನೇ ಇಣುಕುವವನು. ಅದೂ ಕದ್ದು.

ನಮ್ಮ ತಿಪಟೂರಿನ ಬಸ್ಸಿನಲ್ಲಿ ಆ ವಯಸ್ಸಿನವರು ಹೀಗೆ ಕೂತಿದ್ದರೆ ಏನಾಗುತ್ತಿತ್ತು? ಮೊದಲು ನಾಲ್ಕು ತಲೆ ಹೆಗಲ ಮೇಲಿಂದ ಬಗ್ಗುತ್ತಿದ್ದವು. "ಏನ್ ಸಾರ್, ಮಗಂದಾ?" ಅಂತ ಒಬ್ಬ ಕೇಳುತ್ತಿದ್ದ. ಇನ್ನೆರಡು ಸ್ಟಾಪ್ ಆಗುವಷ್ಟರಲ್ಲಿ ಅದೇ ಮನುಷ್ಯ, "ಎಡಗಡೆ ಹೋಗಿ ಸಾರ್, ಎಡಗಡೆ, ಅಯ್ಯೋ ಸತ್ರಲ್ಲ" ಅನ್ನುತ್ತಿದ್ದ.

ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಕೆಲಸ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ. ಆಟ ಆಡುವುದು ರಾತ್ರಿ ಮಗಳು ಮಲಗಿದ ಮೇಲೆ, ಇಲ್ಲಾ ಭಾನುವಾರ. ನಾನೇನೂ ದೊಡ್ಡ ಆಟಗಾರನಲ್ಲ. ಕಷ್ಟದ ಕಡೆ ಸುಮ್ನೆ 'ಈಸಿ' ಒತ್ತಿಬಿಡುವವನು. ಆದರೆ ಈ ಒಂದು ವರ್ಷದಲ್ಲಿ ಆಡಿದ ನಾಲ್ಕು ಆಟ ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿವೆ. ಯೋಚನೆ ಆಟದ ಬಗ್ಗೆ ಅಲ್ಲ, ಪಕ್ಕದಲ್ಲಿ ಕೂರುವವರ ಬಗ್ಗೆ.

ನಮ್ಮ ಮನೆಗೆ ವಿಡಿಯೋ ಗೇಮ್ ಬಂದಿದ್ದು 1997ರ ಬೇಸಿಗೆ ರಜದಲ್ಲಿ. ಡಬ್ಬಿಯ ಮೇಲೆ ನೆಟ್ಟಗೆ ಒಂದು ಹೆಸರೂ ಇರಲಿಲ್ಲ. ಜೊತೆಗೆ ಒಂದು ಹಳದಿ ಕ್ಯಾಸೆಟ್. ಅದರ ಮೇಲೆ '9999999 ಇನ್ 1' ಅಂತ ಬರೆದಿತ್ತು. ಒಳಗಿದ್ದಿದ್ದು ಹತ್ತೋ ಹನ್ನೆರಡೋ ಆಟ, ಹೆಸರು ತಿರುಗಿಸಿ ಮುರುಗಿಸಿ ಹಾಕಿದ್ದರು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯೋದು. ಕ್ಯಾಸೆಟ್ ಓದದಿದ್ದರೆ ಬಾಯಲ್ಲಿ ಊದಿ ಮತ್ತೆ ಸಿಕ್ಕಿಸಬೇಕು. ಅಪ್ಪನಿಗೆ ಟಿವಿಯ ಪಿಕ್ಚರ್ ಟ್ಯೂಬ್ ಹೋಗುತ್ತೆ ಅನ್ನೋ ಭಯ. ಅಮ್ಮನದು ಇನ್ನೊಂದು ದಾರಿ. ಒಂದು ಗಂಟೆ ಆದ ಮೇಲೆ ಬಂದು ಅಡಾಪ್ಟರ್ ಮುಟ್ಟಿ ನೋಡುವರು. "ಹೆಂಚಿನ ಥರ ಕಾದಿದೆ, ಆರಿಸ್ರೋ" ಅನ್ನುವರು. ಅದರ ಮೇಲೆ ಅಪೀಲು ಇರಲಿಲ್ಲ.

ಆ ಡಬ್ಬಿ ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಒಸಾಕಾದ ನಿಪ್ಪೊಂಬಾಶಿಯಲ್ಲಿ ಹಳೇ ಆಟಗಳ ಅಂಗಡಿಗಳಿವೆ. ಅಲ್ಲಿ ಗಾಜಿನ ಕಪಾಟಿನಲ್ಲಿ ಅಸಲಿ ಕೂತಿತ್ತು. ಕೆಂಪು ಬಿಳುಪು ಬಣ್ಣ. ಕೆಳಗಿನ ಬುಟ್ಟಿಯಲ್ಲಿ ರಾಶಿ ಕ್ಯಾಸೆಟ್. ಕೆಲವದರ ಹಿಂದೆ ಮಾರ್ಕರ್ ಪೆನ್ನಿನಲ್ಲಿ ಮಕ್ಕಳ ಹೆಸರು, ಸೊಟ್ಟಪಟ್ಟ ಹಿರಗಾನ ಅಕ್ಷರದಲ್ಲಿ. ಯಾಕೆ ಅಂತ ಅಂಗಡಿಯವರನ್ನು ಕೇಳಿದೆ. ಗೆಳೆಯರಿಗೆ ಆಡೋಕೆ ಕೊಟ್ಟಾಗ ವಾಪಸ್ ಬರಬೇಕಲ್ಲ, ಅದಕ್ಕೆ ಅಂದರು. ಅಂದರೆ ಇವರೂ ಒಂದು ಕಾಲದಲ್ಲಿ ನಮ್ಮ ಹಾಗೇ ಒಬ್ಬರ ಮನೆಯಲ್ಲಿ ಗುಂಪು ಸೇರಿ ಆಡಿದವರೇ. ಈಗ ರೈಲಿನಲ್ಲಿ ಒಬ್ಬೊಬ್ಬರ ಕೈಗೆ ಒಂದೊಂದು ಯಂತ್ರ.

ಗೇಮ್ ಸೆಂಟರ್‌ನಲ್ಲೂ ಅಷ್ಟೇ. ನೂರು ಯೆನ್ ಹಾಕಿ ತೈಕೋ ಡೋಲು ಬಾರಿಸುವ ಹುಡುಗನ ಹಿಂದೆ ಜನ ನಿಂತು ನೋಡುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಬಂದ ಹೊಸತರಲ್ಲಿ ನಾನು ಒಂದು ಎಡವಟ್ಟು ಮಾಡಿದೆ. ಕೊಂಡಿ ಇಳಿಸಿ ಗೊಂಬೆ ಎತ್ತುವ ಯಂತ್ರದ ಮುಂದೆ ಒಬ್ಬ ಕಾಲೇಜು ಹುಡುಗ ನಿಂತಿದ್ದ. ಗೊಂಬೆ ಇನ್ನೇನು ಬೀಳಬೇಕು. ತಡೆಯಲಾಗದೆ "ಮಿಗಿ, ಮಿಗಿ" ಅಂದೆ. ಬಲಕ್ಕೆ, ಬಲಕ್ಕೆ ಅಂತ. ಅವನು ತಿರುಗಿ, ಬಗ್ಗಿ ನಮಸ್ಕಾರ ಮಾಡಿ, ಜಾಗ ನನಗೆ ಬಿಟ್ಟುಕೊಟ್ಟು ಹೋಗಿಯೇಬಿಟ್ಟ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಹಾಗಂತ ಜಪಾನಿನಲ್ಲಿ ಆಟದ ಬಗ್ಗೆ ಯಾರಿಗೂ ತಕರಾರಿಲ್ಲ ಅಂತಲ್ಲ. ಉದೊನ್ ಅನ್ನೋ ದಪ್ಪ ನೂಡಲ್ಸ್‌ಗೆ ಹೆಸರಾದ ಕಗಾವಾ ಪ್ರಾಂತ್ಯದಲ್ಲಿ 2020ರ ಏಪ್ರಿಲ್‌ನಿಂದ ಒಂದು ನಿಯಮ ಇದೆ. ಹದಿನೆಂಟರೊಳಗಿನ ಮಕ್ಕಳು ಶಾಲೆ ಇರುವ ದಿನ 60 ನಿಮಿಷ, ರಜೆಯ ದಿನ 90 ನಿಮಿಷ ಆಡಬಹುದು, ಅಷ್ಟೇ. ಮೀರಿದರೆ ದಂಡ ಏನೂ ಇಲ್ಲ, ಮನೆಯವರೇ ನೋಡಿಕೊಳ್ಳಬೇಕು. ಒಬ್ಬ ಹೈಸ್ಕೂಲ್ ಹುಡುಗ ಇದರ ಮೇಲೆ ಕೋರ್ಟಿಗೇ ಹೋದ. 2022ರಲ್ಲಿ ಅವನ ಕೇಸು ವಜಾ ಆಯಿತು. ನನಗೆ ಇದನ್ನು ಓದಿದಾಗ ನಗು ಬಂತು. ನಮ್ಮಮ್ಮ ಅದೇ 60 ನಿಮಿಷವನ್ನು ಬರೀ ಅಡಾಪ್ಟರ್ ಮುಟ್ಟಿ ಜಾರಿಗೆ ತಂದಿದ್ದರು.

ಆದರೆ ನಮ್ಮ ಕಡೆ ತಕರಾರು ಬೇರೆ ಥರದ್ದು. ಅಲ್ಲಿ ಎಲ್ಲಕ್ಕೂ ಒಂದೇ ಪದ, 'ಗೇಮ್'. ರಮ್ಮಿ ಆಪ್‌ನಲ್ಲಿ ಸಂಬಳ ಕಳೆದುಕೊಂಡವನೂ ಗೇಮ್ ಆಡುವವನೇ, ನಾನೂ ಗೇಮ್ ಆಡುವವನೇ. 2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತಲ್ಲ, ಅಮ್ಮ ಅವತ್ತೇ ಫೋನ್ ಮಾಡಿದರು. "ನೀನು ಆಡೋದೂ ಬ್ಯಾನ್ ಆಯ್ತಂತೆ ಕಣೋ, ಹುಷಾರು." ನನ್ನದು ಏಳು ಸಾವಿರ ಯೆನ್ ಕೊಟ್ಟು ಒಂದೇ ಸಲ ಕೊಳ್ಳೋದು, ಆಮೇಲೆ ದುಡ್ಡಿನ ಮಾತೇ ಇಲ್ಲ ಅಂತ ಹೇಳಿದೆ. "ಏಳು ಸಾವಿರಾನಾ?" ಅಂದರು. ಯೆನ್ ಅನ್ನೋದು ಕೇಳಿಸಲಿಲ್ಲ. ಅಲ್ಲಿಗೆ ಮಾತು ಇನ್ನೂ ಕೆಟ್ಟಿತು.

ನನಗೆ ಅನ್ನಿಸೋದು, ಆಟ ಆಡ್ತೀನಿ ಅಂತ ಹೇಳೋಕೆ ನಮಗಿರುವ ನಾಚಿಕೆ ಹುಟ್ಟಿದ್ದು ಈ ಒಂದೇ ಪದದಿಂದ. ಪಬ್‌ಜಿ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾದಾಗ ಊರಿನ ಹಿರಿಯರು ಹಬ್ಬ ಮಾಡಿದ್ದು ನೆನಪಿದೆ. ಚೀನಾ ಗಡಿಯ ಜಗಳ ಅವರಿಗೆ ಬೇಕಿರಲಿಲ್ಲ, ಹುಡುಗರು ತಲೆ ಎತ್ತುತ್ತಾರೆ ಅನ್ನೋದು ಸಾಕಿತ್ತು. ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆಕ್ಟಿವ್ ಅನ್ನೋ ಕಂಪನಿ ಆಟ ಮಾಡುವ ಕೆಲಸ ಶುರು ಮಾಡಿದ್ದು 1997ರಲ್ಲಿ, ನಮ್ಮ ಮನೆಗೆ ಆ ಡಬ್ಬಿ ಬಂದ ವರ್ಷವೇ. 2019ರಲ್ಲಿ ಅದನ್ನು ಕೊಂಡಿದ್ದು ಗ್ರ್ಯಾಂಡ್ ಥೆಫ್ಟ್ ಆಟೋ ಮಾಡುವ ರಾಕ್‌ಸ್ಟಾರ್. ಇಷ್ಟಾದರೂ ಅಂಥ ಕಡೆ ಕೆಲಸ ಮಾಡುವ ನನ್ನ ಗೆಳೆಯನೊಬ್ಬ ಹೆಣ್ಣು ನೋಡಲು ಹೋದಾಗ "ಸಾಫ್ಟ್‌ವೇರ್" ಅಂತಲೇ ಹೇಳಿದ. ಸೂಟು ಹಾಕಿಕೊಂಡು ರೈಲಿನಲ್ಲಿ ಆಡುವ ಆ ಜಪಾನಿ ಯಜಮಾನರ ಹತ್ತಿರ ಅವನು ಒಂದು ವಾರ ಟ್ಯೂಷನ್ ತಗೊಳ್ಳಬೇಕು.

ಇರಲಿ, ಆಟಕ್ಕೆ ಬರುತ್ತೇನೆ.

ಸ್ವಿಚ್ 2 ಬಂದಿದ್ದು 2025ರ ಜೂನ್ 5ಕ್ಕೆ. ಇಲ್ಲಿ ನಿಂಟೆಂಡೊದ ಆನ್‌ಲೈನ್ ಅಂಗಡಿಯಲ್ಲಿ ಲಾಟರಿ ಎತ್ತಿ ಕೊಟ್ಟರು. ಅರ್ಜಿ ಹಾಕಿದವರು ಸುಮಾರು 22 ಲಕ್ಷ ಜನ. ನನ್ನ ಚೀಟಿ ಎದ್ದಿದ್ದು ಎಷ್ಟೋ ತಿಂಗಳ ಮೇಲೆ. ಇದರಲ್ಲಿ ಒಂದು ತಮಾಷೆ ಇದೆ. ಬಿಟ್ಟಾಗ ಬರೀ ಜಪಾನಿ ಭಾಷೆಯ ಯಂತ್ರಕ್ಕೆ 49,980 ಯೆನ್ ಇತ್ತು. ಎಲ್ಲ ಭಾಷೆ ಇರುವುದಕ್ಕೆ 69,980. ಊರಿನ ಭಾಷೆ ಕಲಿತವನಿಗೆ ಇಪ್ಪತ್ತು ಸಾವಿರ ರಿಯಾಯಿತಿ! ಬೆಂಗಳೂರಿನಲ್ಲಿ ಯಾರಾದರೂ ಇದನ್ನು ಮಾಡಿ ನೋಡಬೇಕು. ನಾನು ಅಗ್ಗದ್ದೇ ತಗೊಂಡೆ. ಕಾಂಜಿ ಲಿಪಿ ಓದೋಕೆ ಹೆಂಡತಿ ಇದ್ದಾಳೆ, ಅವಳು ನನಗಿಂತ ಚೆನ್ನಾಗಿ ಕಲಿತಿದ್ದಾಳೆ.

ಅದರಲ್ಲಿ ಆಡಿದ್ದು ಯಾಕುಜಾ 0. ಹಳೇ ಆಟ, ಹೊಸ ಯಂತ್ರಕ್ಕೆ ಮತ್ತೆ ಬಿಟ್ಟಿದ್ದಾರೆ. ಕಥೆ 1988ರ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಜಪಾನಿನಲ್ಲಿ ದುಡ್ಡು ನೀರಿನ ಹಾಗೆ ಹರಿಯುತ್ತಿದ್ದ ಕಾಲ. ಅರ್ಧ ಕಥೆ ಸೋತೆನ್‌ಬೋರಿ ಅನ್ನೋ ಬೀದಿಯಲ್ಲಿ. ಹೆಸರು ಬದಲಾಯಿಸಿದ್ದಾರೆ ಅಷ್ಟೇ, ಅದು ನಮ್ಮ ಒಸಾಕಾದ ದೋತೊನ್‌ಬೋರಿ. ಕಾಲುವೆ, ಸೇತುವೆ, ಕಣ್ಣು ಕುಕ್ಕುವ ಬೋರ್ಡುಗಳು ಎಲ್ಲಾ ಹಾಗೇ. ನಾನು ಗೂಂಡಾಗಳನ್ನು ಹೊಡೆಯುತ್ತಿದ್ದರೆ ಹೆಂಡತಿ ಪಕ್ಕದಲ್ಲಿ ಬಟ್ಟೆ ಮಡಿಸುತ್ತಾ, "ಅಲ್ಲೇ ಅಲ್ವಾ ನಿಮ್ಮ ಕೊಡೆ ಕಳೆದಿದ್ದು?" ಅಂದಳು. ಹೌದು, ಅಲ್ಲೇ. ಆ ಕ್ಷಣಕ್ಕೆ ಆಟ ನನ್ನದಾಯಿತು.

ಘೋಸ್ಟ್ ಆಫ್ ಯೋತೇ ಬೇರೆ ಯಂತ್ರದ್ದು, ಪ್ಲೇಸ್ಟೇಷನ್ 5ರದು. ಯಾಕುಜಾಗೆ ಪೂರ್ತಿ ಉಲ್ಟಾ. 1603ರ ಕಾಲ, ಈಗ ಹೊಕ್ಕೈಡೋ ಅನ್ನುವ ಉತ್ತರದ ನಾಡು, ಸೇಡು ತೀರಿಸಿಕೊಳ್ಳಲು ಹೊರಟ ಹೆಣ್ಣು. ಮಾಡಿದವರು ಅಮೆರಿಕದವರು. ದಾರಿ ತೋರಿಸೋಕೆ ಬಾಣದ ಗುರುತು ಹಾಕಿಲ್ಲ, ಗಾಳಿ ಬೀಸುತ್ತದೆ, ಅದರ ಹಿಂದೆ ಕುದುರೆ ಓಡಿಸಬೇಕು. ಚೆಲುವಾಗಿದೆ. ಆದರೆ ಎರಡು ಗಂಟೆ ನಾನು ತುಟಿ ಬಿಚ್ಚಲಿಲ್ಲ. "ಏನು, ಮೌನವ್ರತನಾ?" ಅಂತ ಒಳಗಿನಿಂದ ಹೆಂಡತಿಯ ದನಿ ಬಂತು. ಇಂಥ ಆಟ ಜಪಾನಿನ ರೈಲಿಗೆ ಸರಿ, ನನಗಲ್ಲ ಅಂತ ಬರೆಯಬೇಕು ಅಂದುಕೊಂಡಿದ್ದೆ. ಆಮೇಲೆ ಇದರ ಹಿಂದಿನ ಆಟದ ಒಂದು ಸಂಗತಿ ನೆನಪಾಯಿತು. ಅದು ನಡೆಯುವುದು ತ್ಸುಶಿಮಾ ದ್ವೀಪದಲ್ಲಿ. 2020ರ ಸೆಪ್ಟೆಂಬರ್ ಬಿರುಗಾಳಿಗೆ ನಿಜವಾದ ತ್ಸುಶಿಮಾದ ವಾತಾತ್ಸುಮಿ ಗುಡಿಯ ಹೆಬ್ಬಾಗಿಲು ಬಿದ್ದುಹೋಯಿತು. ಅದನ್ನು ಮತ್ತೆ ನಿಲ್ಲಿಸಲು ಕೇಳಿದ ದುಡ್ಡಿಗಿಂತ ಎಷ್ಟೋ ಜಾಸ್ತಿ ಬಂತು. ಕೊಟ್ಟವರಲ್ಲಿ ಆ ಆಟ ಆಡಿದವರು ತುಂಬಾ ಜನ. ಒಬ್ಬೊಬ್ಬರೇ ಕೂತು ಆಡಿದವರೂ ಹೀಗೆ ಒಟ್ಟಾಗುತ್ತಾರೆ ಅಂದರೆ, ಪಕ್ಕದಲ್ಲಿ ಯಾರಾದರೂ ಇದ್ದರೇ ಆಟ ಅನ್ನೋ ನನ್ನ ವಾದ ಅಷ್ಟು ಗಟ್ಟಿ ಇಲ್ಲ. ಇರಲಿ, ಬಿಡುವುದಿಲ್ಲ.

ವೆಂಬಾ ಚಿಕ್ಕ ಆಟ, ಎರಡು ಗಂಟೆಯೂ ಇಲ್ಲ. 2023ರದು. ಟೊರಾಂಟೊದ ಒಂದು ಪುಟ್ಟ ತಂಡ ಮಾಡಿದ್ದು, ಮರುವರ್ಷ ಮೊದಲ ಆಟಕ್ಕೆ ಕೊಡುವ ಬಾಫ್ಟಾ ಪ್ರಶಸ್ತಿ ತಗೊಂಡಿತು. ಇದೂ 1988ರಲ್ಲೇ ಶುರುವಾಗುತ್ತದೆ, ನೋಡಿ. ಅಲ್ಲಿ ಒಸಾಕಾದಲ್ಲಿ ನೋಟು ಎರಚುತ್ತಿದ್ದರೆ ಇಲ್ಲಿ ಕೆನಡಾಕ್ಕೆ ಹೋದ ತಮಿಳು ಗಂಡ ಹೆಂಡತಿ ವಾಪಸ್ ಹೋಗೋಣವಾ ಅಂತ ಲೆಕ್ಕ ಹಾಕುತ್ತಿದ್ದಾರೆ. ಅಮ್ಮನ ಅಡುಗೆ ಪುಸ್ತಕ ಹರಿದು, ಕಲೆಯಾಗಿ, ಅರ್ಧ ಅಳಿಸಿಹೋಗಿದೆ. ಬಿಟ್ಟುಹೋದ ಹಂತವನ್ನು ನಾವೇ ಊಹಿಸಿ ಇಡ್ಲಿ ಬೇಯಿಸಬೇಕು. ತಪ್ಪಾದರೆ ಯಾರೂ ಸಾಯುವುದಿಲ್ಲ, ಮತ್ತೆ ಮೊದಲಿನಿಂದ ಮಾಡಬೇಕು.

ಇದನ್ನು ಒಬ್ಬನೇ ಆಡೋಕೆ ಮನಸ್ಸಾಗಲಿಲ್ಲ. ಅಮ್ಮನಿಗೆ ವೀಡಿಯೊ ಕಾಲ್ ಮಾಡಿ ಫೋನನ್ನು ಟಿವಿ ಕಡೆ ತಿರುಗಿಸಿ ಇಟ್ಟೆ. ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ, "ಹಿಟ್ಟು ಉಬ್ಬಿದೆಯಾ ನೋಡಿದ್ಯೇನೋ ಮೊದಲು?" ಆಟದಲ್ಲಿ ಅದೆಲ್ಲ ಇಲ್ಲಮ್ಮ ಅಂದೆ. "ಹಾಗಾದರೆ ಅದೆಂಥಾ ಇಡ್ಲಿ." ನಾನು ತಟ್ಟೆ ತಪ್ಪಾಗಿ ಜೋಡಿಸಿದೆ. "ಹಬೆ ಎಲ್ಲಿಂದ ಹೋಗಬೇಕು?" ಅಂತ ಬೈದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅಮ್ಮ ನಾನು ಆಡುವ ಆಟಕ್ಕೆ ಬೈದರು. ಇಷ್ಟು ದಿನ ಬೈದಿದ್ದು ಆಡಿದ್ದಕ್ಕೆ.

ಏಳು ವರ್ಷದ ಮಗಳು ನನ್ನ ತೊಡೆಗೆ ಒರಗಿ ಕೂತಿದ್ದಳು. "ಅಜ್ಜಿ, ಹಬೆ ಅಂದ್ರೆ ಯುಗೆನಾ?" ಅಂದಳು. ಜಪಾನಿಯಲ್ಲಿ ಹಬೆಗೆ ಯುಗೆ ಅನ್ನುತ್ತಾರೆ. ಅಮ್ಮನಿಗೆ ಅದು ಬೇರೆಯೇ ಕೇಳಿಸಿತು. "ಯುಗಾದಿಗೆ ಬರ್ತೀರಾ? ಯಾವಾಗ?" ಆಟದಲ್ಲೂ ಮಗ ಶಾಲೆಗೆ ಹೋಗೋಕೆ ಶುರು ಮಾಡಿದ ಮೇಲೆ ಮನೆಯ ಮಾತಿನಿಂದ ಸ್ವಲ್ಪ ಸ್ವಲ್ಪವೇ ದೂರ ಹೋಗುತ್ತಾನೆ. ನಾನು ಆಟ ನಿಲ್ಲಿಸಿ, ಯುಗಾದಿಗೆ ರಜ ಸಿಗಲ್ಲ ಅಂತ ಹೇಳಬೇಕಾಯಿತು. ಉಳಿದ ಅಧ್ಯಾಯ ಮುಗಿಸಿದ್ದು ಮರುವಾರ.

ಕೊನೆಯದು ಸ್ಪ್ಲಿಟ್ ಫಿಕ್ಷನ್. ಸ್ವೀಡನ್ನಿನವರದು, 2025ರ ಮಾರ್ಚ್‌ನಲ್ಲಿ ಬಂತು. ಇದನ್ನು ಒಬ್ಬರೇ ಆಡೋಕೆ ಬರುವುದೇ ಇಲ್ಲ. ಇಬ್ಬರು ಬೇಕು. ಒಬ್ಬ ಕೊಂಡರೆ ಸಾಕು, ಇನ್ನೊಬ್ಬ ಬೇರೆ ದೇಶದಲ್ಲಿದ್ದರೂ ಪುಕ್ಕಟೆ ಸೇರಬಹುದು. ಒಂದು ಕ್ಯಾಸೆಟ್‌ನಲ್ಲಿ ಇಬ್ಬರು ಅನ್ನೋ ನಮ್ಮ ಹಳೇ ಪದ್ಧತಿಯನ್ನು ಇಷ್ಟು ಮರ್ಯಾದೆಯಿಂದ ನಡೆಸಿಕೊಂಡವರನ್ನು ನಾನು ನೋಡಿಲ್ಲ. ಕಥೆ ಅಷ್ಟಕ್ಕಷ್ಟೇ. ಆದರೆ ಅರ್ಧ ಗಂಟೆಗೊಂದು ಹೊಸ ಆಟ ಹುಟ್ಟುತ್ತದೆ. ಒಂದು ಕಡೆ ಇಬ್ಬರೂ ಹಂದಿಯಾಗಿ ಕುಣಿಯುತ್ತೀರಿ. ಹಂದಿಗಳ ಗತಿ ಏನಾಯಿತು ಅಂತ ನಾನು ಹೇಳಲ್ಲ.

ನನ್ನ ಜೊತೆಗಾರ ತಮ್ಮ. ಅವನು ಬೆಂಗಳೂರಿನಲ್ಲಿದ್ದಾನೆ. ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಕಾಂಟ್ರಾದಲ್ಲಿ ಒಂದು ಜಲಪಾತ ಹತ್ತುವ ಹಂತ ಇತ್ತು. ಮೇಲಿದ್ದವನು ಬೇಗ ಹತ್ತಿದರೆ ಕೆಳಗಿದ್ದವನು ಪರದೆಯಿಂದ ಜಾರಿ ಸಾಯುತ್ತಿದ್ದ. ತಮ್ಮ ಬೇಕು ಅಂತಲೇ ಓಡುತ್ತಿದ್ದ. ನನ್ನ ಲೈಫ್ ಮುಗಿದ ಮೇಲೆ ನಾನು ಅವನದ್ದೊಂದು ಕಿತ್ತುಕೊಳ್ಳುತ್ತಿದ್ದೆ. ಆ ಜಗಳ ಅಡುಗೆಮನೆವರೆಗೂ ಹೋಗುತ್ತಿತ್ತು. ಸ್ಪ್ಲಿಟ್ ಫಿಕ್ಷನ್‌ನಲ್ಲಿ ಪರದೆಯೇ ಎರಡು ಪಾಲು, ಓಡಿದರೂ ನಾನು ಸಾಯುವುದಿಲ್ಲ. ಆದರೂ ಅವನು ಓಡುತ್ತಾನೆ.

ಹೋದ ಭಾನುವಾರ ರಾತ್ರಿ ಹನ್ನೆರಡಾಗಿತ್ತು ನಮಗೆ. ಅಲ್ಲಿ ಎಂಟೂವರೆ. "ಲೋ, ನಿಂತ್ಕೊಳ್ಳೋ" ಅಂತ ಕೂಗಿದೆ. "ನೀನೇ ಬಾ ಅಣ್ಣ, ಮುದುಕನ ಥರ ಆಡ್ತೀಯ" ಅಂದ. ಹಿಂದೆ ಅಮ್ಮನ ದನಿ ಕೇಳಿಸಿತು. ವಾರಕ್ಕೆ ಅಂತ ಅವನ ಮನೆಗೆ ಬಂದಿದ್ದರಂತೆ.

"ಸಾಕು ಕಣ್ರೋ, ಅಡಾಪ್ಟರ್ ಕಾದಿರುತ್ತೆ."

"ಇದಕ್ಕೆ ಅಡಾಪ್ಟರೇ ಇಲ್ಲಮ್ಮ" ಅಂದ ತಮ್ಮ.

"ಇಲ್ದೆ ಎಲ್ಲಿ ಹೋಗುತ್ತೆ. ಹಿಂದಗಡೆ ಮುಟ್ಟಿ ನೋಡು."