ತಿಮಿಂಗಿಲದ ಬೆರಳು, ಕೋಳಿಯ ಹೆಬ್ಬೆರಳು

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹಾಲ್‌ಗೆ ಕಾಲಿಟ್ಟರೆ ತಲೆಯ ಮೇಲೆ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತಿರುತ್ತದೆ. 25 ಮೀಟರ್ ಉದ್ದ. ಎಲ್ಲರೂ ತಲೆಬುರುಡೆಯ ಫೋಟೊ ತೆಗೆಯುತ್ತಿದ್ದರು. ನನ್ನ ಮಗಳು ಈಜುರೆಕ್ಕೆ ನೋಡಿ, "ಅಪ್ಪಾ, ಇದಕ್ಕೆ ಬೆರಳಿದೆ!" ಅಂದಳು. ಹೌದಲ್ವಾ! ತೋಳಿಗೆ ಒಂದು ಮೂಳೆ, ಮುಂಗೈಗೆ ಎರಡು, ಆಮೇಲೆ ಮಣಿಕಟ್ಟು, ನಾಲ್ಕು ಬೆರಳು. ಬರೀ ನೀರು ತಳ್ಳೋದಕ್ಕೆ ಬೆರಳು ಯಾಕೆ?

ಇಂಗ್ಲೆಂಡಿನಲ್ಲಿ 2014ರಿಂದ ಪ್ರೈಮರಿಯಲ್ಲೇ, 10-11 ವರ್ಷಕ್ಕೇ, ಜೀವವಿಕಾಸದ ಪಾಠ ಇದೆ, ಅಂದರೆ ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ ಬಂದ ಕಥೆ. ಶಿವಮೊಗ್ಗದ ಕಡೆಯ ಹೈಸ್ಕೂಲಿನಲ್ಲಿ ನಾನು ಕಲಿತದ್ದು ಜಿರಾಫೆಯ ಕತ್ತು ಉದ್ದ ಆದದ್ದು ಹೇಗೆ ಅನ್ನೋದು. ಲಾಮಾರ್ಕ್ ಹೀಗೆ ಹೇಳಿದ, ಡಾರ್ವಿನ್ ಹಾಗೆ ಹೇಳಿದ, ವ್ಯತ್ಯಾಸ ಬರೆಯಿರಿ. ಸಾಕ್ಷಿ ಏನು ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಾಗಂತ ಇಲ್ಲಿನದೆಲ್ಲ ಚಿನ್ನ ಅಲ್ಲ. ಮಗಳ ಕ್ಲಾಸಲ್ಲಿ ಚಿಮಟ, ಚಮಚ, ಬಟ್ಟೆ ಕ್ಲಿಪ್ಪು ಕೊಟ್ಟು, ಇವೇ ಹಕ್ಕಿಯ ಕೊಕ್ಕು, ಅಕ್ಕಿ ಹೆಕ್ಕಿ ಅಂದರಂತೆ. ಮಕ್ಕಳಿಗೆ ಮಜಾ. ಯಾವ ಕೊಕ್ಕು ಉಳಿಯುತ್ತದೆ ಅಂತ ಗೊತ್ತಾಗುತ್ತದೆ, ಸರಿ. ಆದರೆ ನಿಜವಾಗಲೂ ಹೀಗೇ ಆಗಿದೆ ಅನ್ನೋದಕ್ಕೆ ಅದರಲ್ಲಿ ಏನೂ ಇಲ್ಲ. ಪ್ರಿಂಟ್ ತೆಗೆದು ಹಂಚುವ ಹಾಳೆಗಳಂತೂ ರಾಶಿ ರಾಶಿ, ಬಣ್ಣ ತುಂಬೋದೇ ಜಾಸ್ತಿ.

ಬೇರೆ ಬೇರೆ ಪ್ರಾಣಿಗಳಿಗೆ ಮೂಲ ಒಂದೇ ಅನ್ನೋದಕ್ಕೆ ಸಾಕ್ಷಿಯಾಗಿ ನಮಗೆ ಒದಗಿದ್ದು ಭಾನುವಾರದ ಕೋಳಿ ಸಾರು. ಇಡೀ ಕೋಳಿ ತಂದಿದ್ದೆ. ಊಟ ಆದಮೇಲೆ ಒಂದು ರೆಕ್ಕೆಯ ಮೂಳೆ ತೊಳೆದು, ಹಳೆಯ ಪೇಪರಿನ ಮೇಲೆ ಜೋಡಿಸಿದೆವು. ತಿಮಿಂಗಿಲದ ಹಾಗೇ ಒಂದು, ಆಮೇಲೆ ಎರಡು, ಆಮೇಲೆ ಅಂಟಿಕೊಂಡ ಬೆರಳುಗಳು. ಬದಿಗೆ ಅಕ್ಕಿಕಾಳಿನಷ್ಟು ಹೆಬ್ಬೆರಳು. ಮಗಳು ತನ್ನ ಕೈ ಪಕ್ಕದಲ್ಲಿಟ್ಟು ಸುಮ್ನೆ ನೋಡುತ್ತಾ ಕೂತಳು. ನಾನೂ ಬಾಯಿ ಹಾಕಲಿಲ್ಲ.

ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ತಿಮಿಂಗಿಲ ನೆಲದಿಂದ ನೀರಿಗಿಳಿದ ಕಥೆಯ ಒಳ್ಳೊಳ್ಳೆ ಸಾಕ್ಷಿಗಳು ಸಿಕ್ಕಿದ್ದು ನಮ್ಮ ಕಡೆಯೇ. ಗುಜರಾತಿನ ಕಛ್‌ನಲ್ಲಿ ಕಾಲಿದ್ದ ತಿಮಿಂಗಿಲಗಳ ಮೂಳೆ ಸಿಕ್ಕಿವೆ. ಜಮ್ಮುವಿನ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಆಯ್ದಿಟ್ಟ ಕಲ್ಲುಗಳಲ್ಲಿ ಸುಮಾರು 4.8 ಕೋಟಿ ವರ್ಷ ಹಳೆಯ, ಬೆಕ್ಕಿನಷ್ಟು ದೊಡ್ಡ ಗೊರಸಿನ ಪ್ರಾಣಿ ಇತ್ತು. ಹೆಸರು ಇಂಡೋಹೈಯಸ್. ಅದರ ಕಿವಿಯ ಮೂಳೆ ಥೇಟ್ ತಿಮಿಂಗಿಲದ್ದರ ಹಾಗೆ ದಪ್ಪ. ಅದು ತಿಮಿಂಗಿಲದ ಹತ್ತಿರದ ನೆಂಟ ಅಂತ ಜಗತ್ತಿಗೆ ಗೊತ್ತಾಗಿದ್ದು 2007ರಲ್ಲಿ. ಇಷ್ಟೆಲ್ಲ ಇಟ್ಟುಕೊಂಡು ನಾವು ಜಿರಾಫೆ ಉರು ಹೊಡೆದೆವು!

ಈಗ ಅದೂ ಇಲ್ಲ. ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆದದ್ದಕ್ಕೆ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪತ್ರ ಬರೆದರು. ಪಾಠ 12ನೇ ತರಗತಿಯ ಬಯಾಲಜಿಯಲ್ಲಿದೆ ಅನ್ನುತ್ತಾರೆ. ಕಾಮರ್ಸ್ ತಗೊಂಡವರಿಗೆ?

ಅಕ್ಕನ ಮಗ ಊರಲ್ಲಿ ಈಗ ಹತ್ತನೇ ಕ್ಲಾಸು. ವಿಡಿಯೊ ಕಾಲ್‌ನಲ್ಲಿ ಮಗಳು ಅವನಿಗೆ ಪೇಪರಿನ ಮೇಲಿನ ಮೂಳೆ ತೋರಿಸಿದಳು. ಅವನು ಎದ್ದು ಅಡುಗೆಮನೆಗೆ ಹೋದ. "ಅಮ್ಮಾ, ರೆಕ್ಕೆ ಪೀಸ್ ಯಾರಿಗೂ ಹಾಕ್ಬೇಡ" ಅಂದಿದ್ದು ಇಲ್ಲಿಗೂ ಕೇಳಿಸಿತು.