ಬಿಸಿಲಿನ ಬಡಾಯಿ

ಅಕ್ಕನ ಮಗ ದುಬೈಗೆ ಹೋಗಿ ನಾಲ್ಕು ವರ್ಷವಾಯಿತು. ಏಪ್ರಿಲ್ ಬಂತೆಂದರೆ ನಮ್ಮಿಬ್ಬರ ಪಂದ್ಯ ಶುರು. ಫೋನ್ ಎತ್ತಿದ ಮೇಲೆ ಊಟ ಆಯ್ತಾ, ಆರಾಮಾ ಅಂತ ಕೇಳುವ ಪದ್ಧತಿಯೇ ಇಲ್ಲ.

"ಮಾಮಾ, ಇವತ್ತ ಎಷ್ಟ ಅದರಿ?"

"ನಲ್ವತ್ಮೂರು. ನಿಮ್ಮಲ್ಲಿ?"

"ಮೂವತ್ತಾರು..."

ಅವನ ದನಿ ಸಣ್ಣಗಾಗುತ್ತದೆ. ನನಗೆ ಸೂರ್ಯನನ್ನು ನಾನೇ ಮೇಯಿಸಿ ಬೆಳೆಸಿದಷ್ಟು ಖುಷಿ. ಈ ಗರ್ವ ನನ್ನೊಬ್ಬನದಲ್ಲ, ಇಡೀ ಕಲಬುರಗಿಯದು. ಪೇಪರಿನಲ್ಲಿ ರಾಯಚೂರಿನ ಅಂಕಿ ನಮಗಿಂತ ಅರ್ಧ ಡಿಗ್ರಿ ಜಾಸ್ತಿ ಇದ್ದರೆ ಚಹಾದಂಗಡಿಯಲ್ಲಿ ಎಲ್ಲರ ಮುಖ ಬಾಡುತ್ತದೆ. "ಅವರ ಮೀಟರೇ ಸರಿ ಇಲ್ರಿ" ಅನ್ನುವವರೂ ಇದ್ದಾರೆ.

ಜೂನ್‌ನಲ್ಲಿ ಪಂದ್ಯ ತಿರುಗುತ್ತದೆ. ನಮ್ಮಲ್ಲಿ ಮಳೆ ಬಿದ್ದು ಪಾದರಸ ಇಳಿಯುತ್ತದೆ. ಅವನ ಊರು ಆಗ ಕಾಯಲು ಶುರು ಮಾಡುತ್ತದೆ. ಜುಲೈ, ಆಗಸ್ಟಿನಲ್ಲಿ ಅಲ್ಲಿ 40 ದಾಟಿದರೆ ಅದು ಸುದ್ದಿಯೇ ಅಲ್ಲ. ಆಗ ಫೋನ್ ಅವನೇ ಮಾಡುತ್ತಾನೆ. ನಾನು ಎತ್ತುವುದು ಸ್ವಲ್ಪ ತಡ.

ಪುಸ್ತಕದ ಲೆಕ್ಕದಲ್ಲಿ ನಮ್ಮದು ಮರುಭೂಮಿ ಅಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬಿದ್ದರೆ ಮರುಭೂಮಿ ಅಂತಾರೆ. ನಮ್ಮಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ ಬೀಳುತ್ತದೆ. ಮರಳೂ ಇಲ್ಲ, ಇರುವುದು ಎರೆ ಮಣ್ಣು. ಅದರಲ್ಲಿ ಬೆಳೆಯುವ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೆ ಮೇ ತಿಂಗಳ ಎರಡು ಗಂಟೆಗೆ ಸೇಡಂ ರಸ್ತೆಯಲ್ಲಿ ನಿಂತವನಿಗೆ ಈ ಪುಸ್ತಕ ತೋರಿಸಿ ನೋಡೋಣ. ಡಾಂಬರಿನ ಮೇಲೆ ಬಿಸಿಲುಗುದುರೆ ಕುಣಿಯುತ್ತಿರುತ್ತದೆ. ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕು. ಬೆಂಗಳೂರಿನ ಗೆಳೆಯರಂತೂ "ಅಲ್ಲಿ ಹೇಗೆ ಇರ್ತೀರಿ ಮಾರಾಯ್ರೆ?" ಅಂತ ಕೇಳುವಾಗ, ನಾವು ಒಂಟೆ ಹತ್ತಿ ಆಫೀಸಿಗೆ ಹೋಗುತ್ತೇವೆ ಅಂತಲೇ ಅವರ ಕಲ್ಪನೆ.

ಹೇಗೆ ಇರ್ತೀವಿ ಅಂದರೆ, ಹೊತ್ತು ನೋಡಿ ಇರ್ತೀವಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆಮೇಲೆ ಊರಿಗೆ ಊರೇ ಕದ ಹಾಕಿಕೊಂಡು ಮಲಗುತ್ತದೆ. ಈ ನಿದ್ದೆಗೆ ಶಹಾಬಾದಿ ಫರಸಿಯ ನೆಲ ಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ, ಚಾಪೆಯೂ ಇಲ್ಲದೆ ಬೆನ್ನು ಚೆಲ್ಲಿದರೆ ಸಾಕು. ಹೊಸ ಮನೆ ಕಟ್ಟಿದವರೆಲ್ಲ ಫರಸಿ ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಿದ್ದಾರೆ. ಮುಖ ಕಾಣುತ್ತದೆ, ನಿದ್ದೆ ಬರುವುದಿಲ್ಲ. ದುಬೈಯಲ್ಲೂ ಬಯಲಲ್ಲಿ ದುಡಿಯುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಕೆಲಸ ಮಾಡಿಸುವ ಹಾಗಿಲ್ಲ ಅಂತ ಕಾನೂನಿದೆ. ನಮ್ಮಲ್ಲಿ ಫೈಲಿಗೆ ನೆರಳು ಸಿಕ್ಕಿತು. ರಸ್ತೆಗೆ ಡಾಂಬರು ಹಾಕುವವನು ಇನ್ನೂ ಬಿಸಿಲಲ್ಲೇ ಇದ್ದಾನೆ.

ಅಳಿಯ ತನ್ನ ಊರನ್ನು ಬಿಟ್ಟುಕೊಡುವುದಿಲ್ಲ. ಅಲ್ಲಿ ಬಸ್ ನಿಲ್ದಾಣಕ್ಕೂ ಎಸಿ. ಮನೆಯಿಂದ ಕಾರು, ಕಾರಿನಿಂದ ಆಫೀಸು, ಆಫೀಸಿನಿಂದ ಮಾಲು. ಬಿಸಿಲು ಮೈಗೆ ತಾಗುವುದೇ ಇಲ್ಲವಂತೆ. ಹೋದ ಜುಲೈನಲ್ಲಿ ಅವನಿಗೆ ಆದದ್ದೇನು ಗೊತ್ತಾ? ನೆಗಡಿ. ಹೊರಗೆ 44 ಡಿಗ್ರಿ, ಇವನು ಆಫೀಸಿನಲ್ಲಿ ಸ್ವೆಟರ್ ಹಾಕಿ ಕೂತಿದ್ದ. ಅಕ್ಕ ಇಲ್ಲಿಂದ ಫೋನಿನಲ್ಲಿ ಅರಿಶಿನ ಹಾಲು ಕುಡಿ ಅಂತಿದ್ದಳು.

ಅಲ್ಲಿನ ಬಿಸಿಲಿಗೆ ಇನ್ನೊಂದು ತಕರಾರಿದೆ. ಪಕ್ಕದಲ್ಲೇ ಸಮುದ್ರ. ಬೇಸಿಗೆಯಲ್ಲಿ ಗಾಳಿಯ ತುಂಬ ತೇವ, ಬೆವರು ಆರುವುದಿಲ್ಲ, ರಾತ್ರಿಯೂ ಕಾವು ಇಳಿಯುವುದಿಲ್ಲ. ನಮ್ಮದು ಒಣ ಬಿಸಿಲು. ಇದರ ಬೆಲೆ ಹೆಂಗಸರಿಗೆ ಗೊತ್ತು. ಹಗ್ಗದ ಆ ತುದಿಗೆ ಕೊನೆಯ ಅರಿವೆ ಹಾಕುವ ಹೊತ್ತಿಗೆ ಈ ತುದಿಯದು ಒಣಗಿರುತ್ತದೆ. ಶಾವಿಗೆ, ಹಪ್ಪಳ, ಸಂಡಿಗೆ, ಕುಟ್ಟಿಸುವ ಕೆಂಪು ಮೆಣಸಿನಕಾಯಿ ಎಲ್ಲಕ್ಕೂ ಒಂದು ಮಾಳಿಗೆ, ಒಂದು ಹಳೇ ಸೀರೆ, ಒಂದು ದಿನ ಸಾಕು. ಬೆಂಗಳೂರಿನ ನಾದಿನಿ ಮೂರು ದಿನ ಮೋಡದ ಜೊತೆ ಜಗಳವಾಡಿ ಕೊನೆಗೆ ಸಂಡಿಗೆ ಹಿಟ್ಟನ್ನು ದೋಸೆ ಹೊಯ್ದಳು. ಈಗ ಪ್ರತಿ ಮೇ ತಿಂಗಳಲ್ಲಿ ಅವಳದೊಂದು ಡಬ್ಬಿ ನಮ್ಮ ಮಾಳಿಗೆಯಲ್ಲಿ ತಯಾರಾಗುತ್ತದೆ. ಬಿಸಿಲು ನಮ್ಮದು, ಸಂಡಿಗೆ ಅವಳದು. ಬಾಡಿಗೆ ಏನೂ ಇಲ್ಲ.

ಒಣ ಬಿಸಿಲು ನಮಗೆ ಕೊಟ್ಟ ಇನ್ನೊಂದು ವರ ಕೂಲರ್. ದುಬೈಯ ಬೇಸಿಗೆಗೆ ಇದು ಕೆಲಸಕ್ಕೆ ಬಾರದ್ದು. ಒಣ ಗಾಳಿ ಒದ್ದೆ ಹುಲ್ಲಿನೊಳಗಿಂದ ಹಾದು ಬರುವಾಗ ನೀರು ಆವಿಯಾಗುತ್ತ ಗಾಳಿಯ ಕಾವನ್ನು ಕಿತ್ತುಕೊಳ್ಳುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಗುಟ್ಟೂ ಇದೇ. ಗಾಳಿಯೇ ತೇವವಾದರೆ ಆಟ ನಡೆಯುವುದಿಲ್ಲ. ಮಾರ್ಚಿನಲ್ಲಿ ಶರಣಬಸವೇಶ್ವರರ ಜಾತ್ರೆ ಮುಗಿಯಿತೋ ಇಲ್ಲವೋ, ಅಟ್ಟದಿಂದ ಕೂಲರ್ ಇಳಿಯುತ್ತದೆ. ಹಳೇ ಹುಲ್ಲು ಕಿತ್ತು ಹೊಸದು ಹಾಕಿ ಮೊದಲ ಸಲ ನೀರು ಬಿಟ್ಟಾಗ ಬರುವ ವಾಸನೆ ಇದೆಯಲ್ಲ, ಅದಕ್ಕೆ ನಾನು ಯಾವ ಅತ್ತರನ್ನೂ ಹೋಲಿಸುವುದಿಲ್ಲ. ಶಬ್ದ ಮಾತ್ರ ಹಿಟ್ಟಿನ ಗಿರಣಿಯದು. ಮೂರು ತಿಂಗಳು ಅದರ ಮೇಲೆ ದನಿ ಎತ್ತಿ ಮಾತಾಡಿ, ಆ ದನಿಯೇ ಖಾಯಂ ಆಗಿಬಿಟ್ಟಿದೆ. ನಮ್ಮ ಕಡೆಯವರು ಜಗಳ ಆಡಿದಂತೆ ಮಾತಾಡುತ್ತಾರೆ ಅಂತ ದಕ್ಷಿಣದವರು ದೂರುತ್ತಾರೆ. ಕಾರಣ ಕೂಲರ್ ಅಂತ ನನ್ನ ಸಂಶೋಧನೆ.

ಕೂಲರ್ ನೀರು ಕುಡಿಯುತ್ತದೆ. ದಿನಕ್ಕೆ ನಾಲ್ಕೈದು ಕೊಡ. ನಮ್ಮ ಓಣಿಗೆ ನಳ ಬರುವುದು ಎಷ್ಟು ದಿನಕ್ಕೊಮ್ಮೆ ಅಂತ ಯಾರೂ ಕೇಳುವುದಿಲ್ಲ, "ಬಂದಿತ್ತೇನ್ರಿ?" ಅಂತ ಕೇಳುತ್ತಾರೆ. ಸ್ನಾನವೋ ಕೂಲರೋ ಅಂತ ಪ್ರಶ್ನೆ ಬಂದಾಗ ನಮ್ಮ ಮನೆಯಲ್ಲಿ ಯಾವಾಗಲೂ ಕೂಲರ್ ಗೆದ್ದಿದೆ. ಇನ್ನು ಮಾಳಿಗೆ ಮೇಲಿನ ಟ್ಯಾಂಕಿಯ ನೀರು, ಮಧ್ಯಾಹ್ನ ಅದರಲ್ಲಿ ಕೈ ಇಡುವ ಹಾಗಿಲ್ಲ. ಈ ಗೋಳು ಹೇಳಿದಾಗ ಅಳಿಯ ಒಂದು ಉಪಾಯ ಹೇಳಿದ. ಅವನೂರಿನಲ್ಲೂ ಟ್ಯಾಂಕಿ ಮಾಳಿಗೆಯ ಮೇಲೇ. ಬೇಸಿಗೆಯಲ್ಲಿ ಗೀಸರ್ ಆರಿಸಿಬಿಡುತ್ತಾರೆ. ಅದರೊಳಗೆ ನಿಂತ ನೀರು ಮನೆಯ ಎಸಿಗೆ ತಣ್ಣಗಾಗಿರುತ್ತದೆ. ಬಿಸಿನೀರಿನ ನಳ ತಿರುಗಿಸಿದರೆ ತಣ್ಣೀರು, ತಣ್ಣೀರಿನ ನಳ ತಿರುಗಿಸಿದರೆ ಬಿಸಿನೀರು! ನಾನೂ ಮಾಡಿ ನೋಡಿದೆ. ಗೀಸರಿನಿಂದ ಬುಸ್ ಅಂತ ಗಾಳಿ ಬಂತು. ಉಪಾಯ ನಡೆಯಬೇಕಾದರೆ ನೀರು ಇರಬೇಕು, ಅಲ್ವಾ?

ನದಿಯೇ ಇಲ್ಲದ ಊರಲ್ಲಿ ಇಪ್ಪತ್ನಾಲ್ಕು ತಾಸು ನೀರು ಅನ್ನುವುದು ನನಗೆ ಹೊಟ್ಟೆಕಿಚ್ಚಿನ ವಿಷಯ. ಸಮುದ್ರದ ನೀರಿನ ಉಪ್ಪು ತೆಗೆದು ಮನೆಮನೆಗೆ ಕೊಡುತ್ತಾರೆ. ನಮಗೆ ಭೀಮೆ ಇದ್ದಾಳೆ, ಬೆಣ್ಣೆತೊರೆ ಇದೆ, ಆದರೂ ಕೊಡ ಸಾಲಿನಲ್ಲಿ ನಿಂತಿವೆ. 2024ರ ಏಪ್ರಿಲ್ 16ರಂದು ದುಬೈ ಮಳೆಯಲ್ಲಿ ಮುಳುಗಿತಲ್ಲ, 1949ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಆ ದೇಶ ಅಂಥ ಮಳೆ ಕಂಡಿರಲಿಲ್ಲ. ಅಳಿಯ ಗಾಬರಿಯಲ್ಲಿ ಫೋನ್ ಮಾಡಿದ. "ಮಾಮಾ, ಕೆಳಗ ಕಾರ್ ತೇಲಾಕತ್ಯಾವ್ರಿ!" ನಮ್ಮಲ್ಲಿ ಅಂದು ನಳ ಬಂದು ಐದು ದಿನವಾಗಿತ್ತು. ಅಕ್ಕ ಫೋನ್ ಕಸಿದುಕೊಂಡು ಮಗನ ಕ್ಷೇಮ ಕೇಳಿದಳು. ಆಮೇಲೆ ನಿಟ್ಟುಸಿರು ಬಿಟ್ಟು, "ಎರಡು ಕೊಡ ಈ ಕಡಿ ಕಳಿಸಿದ್ರ ಏನ್ ಹೋಗ್ತಿತ್ತು ದೇವರಿಗಿ" ಅಂದಳು.

ನಮ್ಮ ಹಿರಿಯರು ಈ ವಿಷಯದಲ್ಲಿ ಚುರುಕಾಗಿದ್ದರು. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಅಂತಾರೆ. ಕೆಂಪು ಜಂಬಿಟ್ಟಿಗೆಯ ನೆಲದೊಳಗೆ ಸುರಂಗ ಕೊರೆದು, ಇಳಿಜಾರಿನಲ್ಲಿ ನೀರು ತಾನಾಗಿ ಹರಿಯುವ ಹಾಗೆ ಮಾಡಿದ್ದಾರೆ. ನಡುನಡುವೆ ಗಾಳಿಗೆ, ನೀರು ಸೇದಲಿಕ್ಕೆ ಬಾವಿಗಳು. ಬಿಸಿಲಿಗೆ ನೀರು ಕಾಣುವುದೇ ಇಲ್ಲ, ಕುಡಿಯುವುದೆಲ್ಲಿಂದ? ಇದು ಪರ್ಷಿಯಾದ ಒಣ ನಾಡಿನಿಂದ ಬಂದ ವಿದ್ಯೆ. ದುಬೈಯ ಹಳೇ ಪೇಟೆಯಲ್ಲಿ ಮನೆಗಳ ಮೇಲೆ ಗಾಳಿ ಹಿಡಿಯುವ ಗೋಪುರಗಳಿವೆ. ಅದನ್ನು ತಂದವರೂ ಪರ್ಷಿಯಾ ಕಡೆಯ ವ್ಯಾಪಾರಿಗಳೇ. ಅವನೂರಿಗೂ ನಮ್ಮ ಬೀದರಿಗೂ ಪಾಠ ಹೇಳಿದ ಮೇಷ್ಟ್ರು ಒಂದೇ ಊರಿನವರು ಅನ್ನಬಹುದು.

ಕಲಬುರಗಿಯ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನೂ ನೋಡಿ. 1367ರದು. ಬೇರೆ ಕಡೆ ಮಸೀದಿಗೆ ದೊಡ್ಡ ಬಯಲು ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಅಷ್ಟಕ್ಕೂ ಗುಮ್ಮಟಗಳ ಚಾವಣಿ. ಪಂಡಿತರು ಏನೇನೋ ಕಾರಣ ಹೇಳುತ್ತಾರೆ. ಮೇ ತಿಂಗಳಲ್ಲಿ ಹೊರಗಿನಿಂದ ಒಳಗೆ ಕಾಲಿಟ್ಟ ನನಗೆ ಒಂದೇ ಕಾರಣ ಹೊಳೆಯಿತು. ಇಷ್ಟು ಮಾಡಿದ ಬಹಮನಿಗಳೂ 1420ರ ದಶಕದಲ್ಲಿ ರಾಜಧಾನಿಯನ್ನು ಎತ್ತರದ ಬೀದರಿಗೆ ಸಾಗಿಸಿಬಿಟ್ಟರು. ರಾಜಕೀಯ, ಆಡಳಿತ ಅಂತ ಇತಿಹಾಸದ ಪುಸ್ತಕ ಹೇಳಲಿ. ಸುಲ್ತಾನನ ಮನೆಯಲ್ಲಿ ಕೂಲರ್ ಇರಲಿಲ್ಲ ಅನ್ನುವುದನ್ನು ಮರೆಯಬಾರದು.

ಮೊನ್ನೆ ಸಂಜೆ ಅಳಿಯ ಫೋನ್ ಮಾಡಿದ್ದ. ಜುಲೈನಲ್ಲಿ ರಜೆ ಹಾಕಿ ಬರುತ್ತಾನಂತೆ. "ಇಲ್ಲಿ ಶಕಿ ಭಾಳ ಆಗ್ತದ್ರಿ ಮಾಮಾ, ತಂಪಿಗಿ ನಾಕ್ ದಿನ ಅಲ್ಲೇ ಇರ್ತೀನಿ" ಅಂದ. ತಂಪು ಹುಡುಕಿಕೊಂಡು ಕಲಬುರಗಿಗೆ ಬರುವ ಮನುಷ್ಯ! ಈ ಮಾತನ್ನು ಸ್ಪೀಕರಿನಲ್ಲಿ ಹಾಕಿ ಓಣಿಗೆಲ್ಲ ಕೇಳಿಸಬೇಕೆಂದು ನಾನು ಎದ್ದೆ. ಅಷ್ಟರಲ್ಲಿ ಆಚೆಮನೆಯಿಂದ "ನಳ ಬಂತ್ರೀ!" ಅಂತ ಕೂಗು. ಹೆಂಡತಿ ಬಕೀಟು ಹಿಡಿದಳು, ಅಕ್ಕ ಪೈಪು ಎಳೆದಳು.

"ಹಲೋ, ಮಾಮಾ? ಮಾಮಾ?" ಅಂತ ದುಬೈ ಎಷ್ಟು ಹೊತ್ತು ಕರೆಯಿತೋ, ಕಟ್ಟೆಯ ಮೇಲೆ ಬಿಟ್ಟು ಬಂದ ಫೋನಿಗೇ ಗೊತ್ತು.